ಕೊಡಗಿನ ಕಥೆ ಬರೆಯೋ ಮೇಜಿನಲ್ಲಿ ಯಾರ್‍ಯಾರು ಇರಬೇಕು? ಪಿಆರ್ ಕೆಲಸ ಮತ್ತು ನಮ್ಮ ಜನಾಂಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಡಿಕೇರಿಯಲ್ಲಿ ಪಿಆರ್, ಅಂದರೆ ಪಬ್ಲಿಕ್ ರಿಲೇಶನ್ಸ್ (ಸಾರ್ವಜನಿಕ ಸಂಪರ್ಕ) ಕೆಲಸ ಮಾಡುತ್ತೇನೆ. ರೆಸಾರ್ಟ್, ಹೋಂಸ್ಟೇ, ಕಾಫಿ ಬೆಳೆಗಾರರು, ಆಗಾಗ ಒಂದು ಕಾಲೇಜು, ಇವರೇ ನನ್ನ ಕ್ಲೈಂಟ್‌ಗಳು. ಈ ಕೆಲಸಕ್ಕೆ ಇಲ್ಲಿನ ಆದಿವಾಸಿಗಳಾದ ಯರವರ, ಜೇನುಕುರುಬರ, ಬೆಟ್ಟಕುರುಬರ, ಕುಡಿಯರ ಮಕ್ಕಳು ಬರಬೇಕು, ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಹುಟ್ಟಿ ಬೆಳೆದ ತಮಿಳು, ಮಲಯಾಳಂ ಮಾತಾಡುವ ಮಕ್ಕಳೂ ಬರಬೇಕು ಅಂತ ಹೇಳುತ್ತಾ ಬಂದಿದ್ದೇನೆ. ಹೇಳಿದ ಕಡೆಯೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಉತ್ತರ ಒಂದೇ ಕಡೆ ಸಿಗಲಿ ಅಂತ ಬರೆದಿಟ್ಟಿದ್ದೇನೆ.

ಇಷ್ಟು ಚಿಕ್ಕ ಜಿಲ್ಲೆ. ಇಲ್ಲಿ ಈ ಮಾತು ಯಾಕೆ ಬೇಕು?

ಜಿಲ್ಲೆ ಚಿಕ್ಕದು, ಜನ ಒಂದೇ ಥರ ಅಲ್ಲ. 2011ರ ಜನಗಣತಿ ಪ್ರಕಾರ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ. ಅದರಲ್ಲಿ ಹತ್ತಕ್ಕೆ ಒಬ್ಬರು ಪರಿಶಿಷ್ಟ ಪಂಗಡದವರು. ಭಾನುವಾರ ಗೋಣಿಕೊಪ್ಪ ಸಂತೆಯಲ್ಲಿ ಒಂದು ಗಂಟೆ ಸುತ್ತಿ ಬನ್ನಿ. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಕುರುಬರ ಮಾತು, ತುಳು, ಬ್ಯಾರಿ, ಮಲಯಾಳಂ, ತಮಿಳು, ಉರ್ದು, ಈಗೀಗ ಅಸ್ಸಾಂ, ಬಂಗಾಳದ ಕಡೆಯ ಮಾತು, ಎಲ್ಲ ಕಿವಿಗೆ ಬೀಳುತ್ತದೆ. ಅಲ್ಲಿಂದ ಸೀದಾ ಯಾವುದಾದರೂ ದೊಡ್ಡ ರೆಸಾರ್ಟಿನ ಮಾರ್ಕೆಟಿಂಗ್ ರೂಮಿಗೆ ಹೋಗಿ. ಎರಡು ಭಾಷೆ ಕೇಳಿಸಿದರೆ ಜಾಸ್ತಿ.

ಕೊಡಗನ್ನು ಹೊರಗಿನವರಿಗೆ ಪರಿಚಯ ಮಾಡಿಕೊಡುವವರು ಆ ರೂಮಿನಲ್ಲಿ ಕೂತವರು. ಭಾರತದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮ ಜಿಲ್ಲೆಯದು. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್ (ಇದು ಇಂಥ ಊರಿನದೇ ಅನ್ನುವ ಭೌಗೋಳಿಕ ಗುರುತು) ಕೂಡ ಸಿಕ್ಕಿತು. ಆ ಕಾಫಿ ಕುಯ್ಯುವವರು, ಕಾಡು ಗೊತ್ತಿದ್ದವರು, ಮರ ಹತ್ತಿ ಕಪಾತು ಮಾಡುವವರು ಒಂದು ಕಡೆ. ಅವರ ಬಗ್ಗೆ ಬರೆಯುವವರು ಇನ್ನೊಂದು ಕಡೆ. ಈ ಅಂತರ ಕಮ್ಮಿ ಆಗಬೇಕು ಅನ್ನೋದಷ್ಟೇ ನನ್ನ ಮಾತು.

ಪಿಆರ್ ಅಂದರೆ ಜಾಹೀರಾತು ತಾನೆ?

ಅಲ್ಲ. ಜಾಹೀರಾತಿಗೆ ದುಡ್ಡು ಕೊಟ್ಟು ಜಾಗ ಕೊಳ್ಳುತ್ತೀರಿ. ಪಿಆರ್‌ನಲ್ಲಿ ಜನರ ನಂಬಿಕೆ ಗಳಿಸಬೇಕು. ಪ್ರೆಸ್ ನೋಟ್ ಬರೆಯೋದು, ಪತ್ರಿಕಾಗೋಷ್ಠಿ ಮಾಡಿಸೋದು, ಸೋಷಿಯಲ್ ಮೀಡಿಯಾ ನೋಡಿಕೊಳ್ಳೋದು, ಗಲಾಟೆ ಆದಾಗ ಸಂಸ್ಥೆಯ ಪರವಾಗಿ ಮಾತಾಡೋದು, ಊರಿನವರ ಸಿಟ್ಟು ಏನು ಅಂತ ಕೇಳಿಕೊಂಡು ಬಂದು ಮಾಲೀಕರಿಗೆ ಮುಟ್ಟಿಸೋದು. ಕೊನೆಯದನ್ನು ಎಷ್ಟೋ ಜನ ಮರೆತೇಬಿಟ್ಟಿದ್ದಾರೆ. ಕೇಳಿಕೊಂಡು ಬರೋಕೆ ಭಾಷೆ ಬೇಕು, ಬಾ ಕೂತ್ಕೋ ಅನ್ನುವಷ್ಟು ಸಲುಗೆ ಬೇಕು.

ಚೆನ್ನಾಗಿ ಬರೆದರೆ ಸಾಕಲ್ವಾ? ಯಾರು ಬರೆದರೇನು?

ಎಲ್ಲಕ್ಕಿಂತ ಜಾಸ್ತಿ ಕೇಳೋ ಪ್ರಶ್ನೆ ಇದೇ. ಒಂದು ಉದಾಹರಣೆ ಕೊಡುತ್ತೇನೆ.

ಮೇ ತಿಂಗಳಲ್ಲಿ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಯರವರು, ಕುರುಬರು ವೇಷ ಹಾಕಿಕೊಂಡು, ಡಬ್ಬ ಬಡಿಯುತ್ತಾ, ಗೋಣಿಕೊಪ್ಪದ ಕಡೆಯ ರಸ್ತೆಗಳಲ್ಲಿ ಅಂಗಡಿ, ಬಸ್ಸು, ಕಾರು ಅಂತ ನೋಡದೆ ಎಲ್ಲರನ್ನೂ ಬೈದು ಕಾಣಿಕೆ ಕೇಳುತ್ತಾರೆ. ಬೇಟೆಗೆ ಅಂತ ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯ ಜೊತೆ ಹೊರಟು ತಮ್ಮನ್ನು ಕಾಡಿನಲ್ಲೇ ಬಿಟ್ಟ ಅನ್ನೋ ಸಿಟ್ಟು ಅವರದು. ದೇವರಿಗೂ ಬೈಗುಳ ತಪ್ಪಿದ್ದಲ್ಲ. ಆಮೇಲೆ ದೇವಸ್ಥಾನಕ್ಕೆ ಹೋಗಿ, ಕಾಣಿಕೆ ಒಪ್ಪಿಸಿ, ತಪ್ಪಾಯಿತು ಅಂತ ಕೇಳಿಕೊಳ್ಳುತ್ತಾರೆ. ವರ್ಷವಿಡೀ ತೋಟದಲ್ಲಿ ತಲೆ ತಗ್ಗಿಸಿ ಕೆಲಸ ಮಾಡುವವರು ದೇವರನ್ನೇ ನಿಲ್ಲಿಸಿ ಲೆಕ್ಕ ಕೇಳುವ ದಿನ ಅದು.

ಈಗ ಪ್ರವಾಸಿಗರಿಗಾಗಿ ಮಾಡುವ ರೀಲ್ಸ್ ನೋಡಿ. ವೇಷದ ಮುಖ, ಕುಡಿದವರ ಕುಣಿತ, ಕೆಟ್ಟ ಬೈಗುಳ, ಮೇಲೆ ಒಂದು ಜೋರು ಮ್ಯೂಸಿಕ್. 'ವಿಚಿತ್ರ ಹಬ್ಬ' ಅಂತ ಶೀರ್ಷಿಕೆ. ಹಾಕಿದವರು ಕೆಟ್ಟವರೇನಲ್ಲ. ಕ್ಯಾಮೆರಾ ಚೆನ್ನಾಗಿ ಬರುತ್ತದೆ, ಎಡಿಟಿಂಗೂ ಚೆನ್ನಾಗಿದೆ. ಆದರೆ ಅಯ್ಯಪ್ಪನ ಮೇಲಿನ ಸಿಟ್ಟೂ ಇಲ್ಲ, ಕೊನೆಗೆ ಕ್ಷಮೆ ಕೇಳೋದೂ ಇಲ್ಲ. ಆ ಟೀಮಿನಲ್ಲಿ ಹಬ್ಬಕ್ಕೆ ವೇಷ ಕಟ್ಟಿದ ಮನೆಯ ಹುಡುಗ ಒಬ್ಬ ಇದ್ದಿದ್ದರೆ ಅಪ್‌ಲೋಡ್ ಆಗುವ ಮೊದಲೇ 'ಇದು ಹೀಗಲ್ಲ' ಅನ್ನುತ್ತಿದ್ದ. ಆ ಮಾತಿಗೆ ಯಾವ ಕೋರ್ಸಿನಲ್ಲೂ ಪಾಠ ಇಲ್ಲ.

ಇನ್ನೊಂದು, ಕಾಫಿ ಬ್ರೋಷರ್‌ಗಳ ಫೋಟೋ. ಒಂದು ಕಡೆ ಮಾಲೀಕರು ನಿಂತಿದ್ದಾರೆ. ಅವರ ಪೂರ್ತಿ ಹೆಸರು, ಎಷ್ಟನೇ ತಲೆಮಾರು, ಎಲ್ಲ ಇದೆ. ಪಕ್ಕದಲ್ಲೇ ಕೆಂಪು ಹಣ್ಣಿನ ಬುಟ್ಟಿ ಹಿಡಿದ ಹೆಂಗಸು. ಕೆಳಗೆ 'ಕಾಫಿ ಕುಯ್ಯುತ್ತಿರುವ ಆದಿವಾಸಿ ಮಹಿಳೆ' ಅಷ್ಟೇ. ಅವರಿಗೂ ಹೆಸರಿದೆ. ಆ ತೋಟದಲ್ಲಿ ಯಾವ ಗಿಡಕ್ಕೆ ಯಾವಾಗ ಬೋರರ್ ಹುಳ ಬಿತ್ತು ಅಂತ ಮಾಲೀಕರಿಗಿಂತ ಮೊದಲು ಗೊತ್ತಾಗಿರೋದು ಅವರಿಗೇ ಇರಬಹುದು. ಹೆಸರು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅವರ ಮಗಳು ಆ ಕ್ಯಾಪ್ಷನ್ ಬರೆಯುತ್ತಿದ್ದರೆ ಹಾಗೆ ಬರೆಯುತ್ತಿದ್ದಳಾ?

ಇದೆಲ್ಲ ಹೊರದೇಶದ ಫ್ಯಾಷನ್. ಅಲ್ಲಿಂದ ಎತ್ತಿಕೊಂಡು ಬಂದು ಇಲ್ಲಿ ಯಾಕೆ?

ಅಲ್ಲಿ ಇದು ಫ್ಯಾಷನ್ ಆಗಿ ಶುರುವಾಗಲಿಲ್ಲ. ಅಮೆರಿಕದಲ್ಲಿ ಕಪ್ಪು ಜನರಿಗೆ ಬಿಳಿಯರ ಏಜೆನ್ಸಿಗಳಲ್ಲಿ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1934ರಲ್ಲಿ, ಜೋಸೆಫ್ ಬೇಕರ್ ಅನ್ನುವ ಪತ್ರಕರ್ತ ಫಿಲಡೆಲ್ಫಿಯಾದಲ್ಲಿ ಸ್ವಂತ ಪಿಆರ್ ಕಂಪನಿ ತೆರೆದರು. 1944ರಲ್ಲಿ ಮಾಸ್ ಕೆಂಡ್ರಿಕ್ಸ್ ವಾಷಿಂಗ್ಟನ್‌ನಲ್ಲಿ ಶುರು ಮಾಡಿದರು. ಆಗ ಜಾಹೀರಾತುಗಳಲ್ಲಿ ಕಪ್ಪು ಜನ ಅಂದರೆ ಅಡುಗೆಯವರು, ಆಳುಗಳು, ನಗಿಸುವವರು. ಕೆಂಡ್ರಿಕ್ಸ್ ಕೋಕಾ ಕೋಲಾದಂಥ ಕಂಪನಿಗೆ ಹೋಗಿ, ಇವರೂ ನಿಮ್ಮ ಗಿರಾಕಿಗಳು, ಮರ್ಯಾದೆಯಿಂದ ತೋರಿಸಿ ಅಂತ ಹೇಳಿ ಒಪ್ಪಿಸಿದರು. ಕ್ರೀಡಾಪಟುಗಳು, ಓದುವ ಹುಡುಗ ಹುಡುಗಿಯರು, ಸಂಸಾರಸ್ಥರು ಜಾಹೀರಾತಿಗೆ ಬಂದರು. ಕಾನ್ಸಾಸ್ ಸಿಟಿಯಲ್ಲಿ ಟೀಚರ್ ಆಗಿದ್ದ ಐನೆಜ್ ಕೈಸರ್ ಕೆಲಸ ಬಿಟ್ಟು ಸ್ವಂತ ಪಿಆರ್ ಕಂಪನಿ ಕಟ್ಟಿದರು. ದೇಶದ ಮಟ್ಟದ ಕ್ಲೈಂಟ್‌ಗಳಿದ್ದ ಕಂಪನಿಯನ್ನು ನಡೆಸಿದ ಮೊದಲ ಕಪ್ಪು ಮಹಿಳೆ ಅವರು. ಹೊಟ್ಟೆಪಾಡಿಗೂ ಮರ್ಯಾದೆಗೂ ಒಟ್ಟಿಗೆ ಹೋರಾಡಿದ ಜನ ಇವರು.

ಬ್ರಿಟನ್ನಿನಲ್ಲಿ ಇವತ್ತಿಗೂ ಪಿಆರ್ ಕೆಲಸದಲ್ಲಿ ಬಿಳಿಯರದೇ ಬಹುಪಾಲು. ಹಾಗಾಗಿ ಅಲ್ಲಿ ಟೇಲರ್ ಬೆನೆಟ್ ಫೌಂಡೇಶನ್ ಅನ್ನುವ ಸಂಸ್ಥೆ ಕಪ್ಪು, ಏಷ್ಯನ್ ಮತ್ತಿತರ ಸಮುದಾಯಗಳ ಪದವೀಧರರಿಗೆ ಪಿಆರ್ ತರಬೇತಿ ಕೊಟ್ಟು ಏಜೆನ್ಸಿಗಳಿಗೆ ಸೇರಿಸುವ ಕೆಲಸ ಮಾಡುತ್ತಾ ಬಂದಿದೆ. ನನಗೆ ತುಂಬಾ ಇಷ್ಟವಾದ ಮಾದರಿ ಅದು. ಭಾಷಣ ಮಾಡದೆ, ಹುಡುಗರನ್ನು ಹುಡುಕಿ, ಕಲಿಸಿ, ಕೆಲಸದ ಬಾಗಿಲವರೆಗೆ ಕರೆದುಕೊಂಡು ಹೋಗೋದು.

ಲಂಡನ್ನಿನದೇ ಇನ್ನೊಂದು ಕಥೆಯೂ ಇದೆ. ಬೆಲ್ ಪಾಟಿಂಜರ್ ಅನ್ನುವ ದೊಡ್ಡ ಪಿಆರ್ ಕಂಪನಿ ದಕ್ಷಿಣ ಆಫ್ರಿಕಾದಲ್ಲಿ ಗುಪ್ತಾ ಅನ್ನುವ ಉದ್ಯಮಿ ಕುಟುಂಬದ ಕಂಪನಿಗಾಗಿ ಜನಾಂಗದ ಸಿಟ್ಟನ್ನು ಕೆರಳಿಸುವ ಪ್ರಚಾರ ಮಾಡಿತು. 2017ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಪಿಆರ್ ಸಂಘ ಅದನ್ನು ಹೊರಹಾಕಿತು. ಅದೇ ತಿಂಗಳು ಕಂಪನಿ ಮುಚ್ಚುವ ಸ್ಥಿತಿಗೆ ಬಂತು. ಜನಾಂಗದ ವಿಷಯ ಗೊತ್ತಿಲ್ಲದೆಯೋ ಗೊತ್ತಿದ್ದೋ ಆಟ ಆಡಿದರೆ ಏನಾಗುತ್ತದೆ ಅಂತ ಪಿಆರ್ ಕಲಿಯುವ ಪ್ರತಿಯೊಬ್ಬರೂ ತಿಳಿದಿರಬೇಕು.

ಕೊಡಗು ಅಮೆರಿಕ ಅಲ್ಲ. ಇಲ್ಲಿನ ಇತಿಹಾಸ ಬೇರೆ. ಇಲ್ಲಿ ಬಣ್ಣಕ್ಕಿಂತ ಜಾತಿ, ಮನೆತನ, ಜಮೀನು, ಭಾಷೆ ಇವೇ ದೊಡ್ಡವು. ಆದರೆ ನಮ್ಮ ಬಗ್ಗೆ ಬರೆಯೋವಾಗ ನಮ್ಮನ್ನೂ ಒಂದು ಮಾತು ಕೇಳಿ ಅನ್ನೋದು ಎಲ್ಲ ಕಡೆಯೂ ಒಂದೇ.

ಅಂದರೆ ಮೀಸಲಾತಿ ಬೇಕು ಅಂತೀರಾ?

ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ 16(4)ನೇ ವಿಧಿ ಇರೋದು ಸರ್ಕಾರಿ ನೌಕರಿಗೆ. ಖಾಸಗಿ ಏಜೆನ್ಸಿಗಳ ಮೇಲೆ ಅಂಥ ಕಾನೂನು ಇಲ್ಲ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲು ಅಂತ ರಾಜ್ಯ ಸಂಪುಟ ಒಪ್ಪಿದ ಮಸೂದೆಯೂ ವಿರೋಧ ಬಂದ ಮೇಲೆ ತಡೆಯಾಯಿತು. ನಾನು ಹೇಳುತ್ತಿರೋದಕ್ಕೆ ಕಾನೂನು ಕಾಯೋ ಅಗತ್ಯ ಇಲ್ಲ. ಕೆಲಸ ಇದೆ ಅನ್ನೋ ಸುದ್ದಿ ಹಾಡಿಗೂ (ಆದಿವಾಸಿಗಳು ಇರುವ ಕೇರಿ) ಮುಟ್ಟಲಿ, ಬಂದವರನ್ನು ಸರಿಯಾಗಿ ನೋಡಿ.

ನಾವು ತೆಗೆದುಕೊಳ್ಳೋಕೆ ರೆಡಿ. ಆದರೆ ಅರ್ಜಿಯೇ ಬರಲ್ಲ. ಏನು ಮಾಡೋದು?

ನಿಮ್ಮ ಜಾಹೀರಾತು ತೋರಿಸಿ ಅಂತ ನಾನು ಮೊದಲು ಕೇಳುತ್ತೇನೆ. ಸಾಮಾನ್ಯವಾಗಿ ಹೀಗಿರುತ್ತದೆ: 'ನಿರರ್ಗಳ ಇಂಗ್ಲಿಷ್ ಕಡ್ಡಾಯ. ಆಕರ್ಷಕ ವ್ಯಕ್ತಿತ್ವ. ಸ್ವಂತ ಲ್ಯಾಪ್‌ಟಾಪ್ ಮತ್ತು ಬೈಕ್ ಇರಬೇಕು. ಒಳ್ಳೆಯ ಸಂಪರ್ಕ ಇರುವವರಿಗೆ ಆದ್ಯತೆ.'

ಒಂದೊಂದೇ ನೋಡೋಣ. ಬರೋ ಹುದ್ದೆ ಕನ್ನಡ ಪತ್ರಿಕೆಗಳ ಜೊತೆ ಮಾತಾಡೋದು, ತೋಟದ ಜನರ ವಿಡಿಯೋ ಮಾಡೋದು. ಅದಕ್ಕೆ ಇಂಗ್ಲಿಷ್ ಎಷ್ಟು ಬೇಕು? ಆಕರ್ಷಕ ವ್ಯಕ್ತಿತ್ವ ಅಂದರೆ ಏನು ಅಂತ ಬರೆದವರನ್ನೇ ಕೇಳಿ, ಬಾಯಿಬಿಟ್ಟು ಹೇಳೋಕೆ ಕಷ್ಟಪಡುತ್ತಾರೆ. ಬೆಳ್ಳಗಿರಬೇಕು, ನಮ್ಮ ಥರ ಮಾತಾಡಬೇಕು, ಅಷ್ಟೇ. ಅದನ್ನು ಓದಿದ ಕೂಡಲೇ ತಿತಿಮತಿ ಕಡೆಯ ಹಾಡಿಯ ಹುಡುಗಿ ಫೋನ್ ಪಕ್ಕಕ್ಕಿಡುತ್ತಾಳೆ. ಲ್ಯಾಪ್‌ಟಾಪ್ ಆಫೀಸಿನದು ಕೊಡಬಹುದು. ಬೈಕ್ ಬದಲು ಬಸ್ ಚಾರ್ಜ್ ಕೊಡಬಹುದು. ಇನ್ನು ಸಂಪರ್ಕ. ಯಾರ ಪರಿಚಯ ಇದ್ದರೆ ಸಂಪರ್ಕ ಅಂತ ಲೆಕ್ಕ? ಕ್ಲಬ್ಬಿನಲ್ಲಿ ಸಿಗುವ ಎಸ್ಟೇಟ್ ಮಾಲೀಕರ ನಂಬರ್ ಇದ್ದರೆ ಅದು ಸಂಪರ್ಕ. ಐವತ್ತು ಹಾಡಿಗಳಲ್ಲಿ ಯಾರ ಮನೆ ಯಾವುದು ಅಂತ ಗೊತ್ತಿದ್ದರೆ ಅದು ಸಂಪರ್ಕ ಅಲ್ವಾ?

ಜಾಹೀರಾತನ್ನು ಹೀಗೆ ಬದಲಾಯಿಸಿ: 'ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಬಲ್ಲವರು ಬೇಕು. ಕೊಡಗಿನ ಇನ್ನೊಂದು ಭಾಷೆ ಬಂದರೆ ಒಳ್ಳೆಯದು, ಯಾವುದು ಅಂತ ಬರೆಯಿರಿ. ಇಂಗ್ಲಿಷ್ ಕೆಲಸಕ್ಕೆ ಸೇರಿದ ಮೇಲೆ ಕಲಿಸುತ್ತೇವೆ. ಲ್ಯಾಪ್‌ಟಾಪ್ ನಮ್ಮದು. ಸಂಬಳ ಇಷ್ಟು.' ಸಂಬಳ ಬರೆಯೋದನ್ನು ಮರೆಯಬೇಡಿ. ಚೌಕಾಸಿ ಮಾಡೋಕೆ ಹಿಂಜರಿಯುವವರಿಗೆ ಅದೊಂದು ಸಾಲು ಎಷ್ಟೋ ಧೈರ್ಯ.

ಆಮೇಲೆ ಹಾಕೋ ಜಾಗ. ಲಿಂಕ್ಡ್‌ಇನ್‌ನಲ್ಲಿ ಹಾಕಿ ಸುಮ್ನೆ ಕೂತರೆ ಬೆಂಗಳೂರಿನ ಅರ್ಜಿಗಳೇ ಬರೋದು. ಕಾಲೇಜಿನ ನೋಟಿಸ್ ಬೋರ್ಡು, ಪರಿಶಿಷ್ಟ ಪಂಗಡದ ಹಾಸ್ಟೆಲ್ ವಾರ್ಡನ್, ಐಟಿಡಿಪಿ (ಬುಡಕಟ್ಟು ಅಭಿವೃದ್ಧಿ ಯೋಜನೆ) ಆಫೀಸು, ಆಶ್ರಮ ಶಾಲೆಯ ಮೇಷ್ಟ್ರು, ಚರ್ಚು, ಮಸೀದಿ ಕಮಿಟಿ, ಅಂಗನವಾಡಿ ಟೀಚರ್. 'ಶಕ್ತಿ' ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಕೊಟ್ಟರೂ ಜಿಲ್ಲೆಯ ಮೂಲೆ ಮೂಲೆಗೆ ಮುಟ್ಟುತ್ತದೆ.

ಇಂಟರ್‌ವ್ಯೂನಲ್ಲಿ ಏನು ಕೇಳಬೇಕು, ಏನು ಕೇಳಬಾರದು?

ಕೊಡಗಿನಲ್ಲಿ ಹೊಸಬರು ಸಿಕ್ಕಿದರೆ ಮೊದಲ ಪ್ರಶ್ನೆ 'ಯಾವ ಮನೆಯವರು?' ಅಂತ. ಪ್ರೀತಿಯಿಂದಲೇ ಕೇಳುತ್ತೇವೆ. ಕೊಡವರಿಗೆ, ಅರೆಭಾಷೆ ಗೌಡರಿಗೆ ಮನೆತನದ ಹೆಸರು ಹೆಮ್ಮೆ. ಅದೇ ಪ್ರಶ್ನೆಯನ್ನು ಯರವರ ಹುಡುಗನಿಗೆ ಕೇಳಿದರೆ ಅವನು 'ಇಂಥವರ ತೋಟದ ಲೈನು' ಅನ್ನಬೇಕಾಗುತ್ತದೆ. ಅಜ್ಜನ ಕಾಲದ ಜೀತದ ನೆನಪು ಇನ್ನೂ ಹಸಿಯಾಗಿರುವ ಮನೆಗಳಿವೆ. ಆ ಒಂದು ಉತ್ತರ ಕೊಟ್ಟ ಮೇಲೆ ಉಳಿದ ಅರ್ಧ ಗಂಟೆ ಅವನು ತಲೆ ಎತ್ತಿ ಮಾತಾಡೋದು ಕಷ್ಟ. ಇಂಟರ್‌ವ್ಯೂ ಟೇಬಲ್ಲಿನಲ್ಲಿ ಆ ಪ್ರಶ್ನೆ ಬಿಟ್ಟುಬಿಡಿ.

ಬದಲಿಗೆ ಕೆಲಸ ಕೊಟ್ಟು ನೋಡಿ. ಒಂದು ಪ್ರೆಸ್ ನೋಟ್ ಕೊಟ್ಟು ತಪ್ಪು ಹುಡುಕಿ ಅನ್ನಿ. ಫೋಟೋ ಕೊಟ್ಟು ಕ್ಯಾಪ್ಷನ್ ಬರೆಸಿ. 'ನಿಮ್ಮ ಊರಿಗೆ ರೆಸಾರ್ಟ್ ಬರುತ್ತಿದೆ, ಜನ ಒಪ್ಪುತ್ತಿಲ್ಲ, ನೀವು ಹೋಗಿ ಮೊದಲು ಯಾರ ಹತ್ತಿರ ಮಾತಾಡುತ್ತೀರಿ?' ಅಂತ ಕೇಳಿ. ಈ ಕೊನೆಯ ಪ್ರಶ್ನೆಗೆ ಹಾಡಿಯಿಂದ ಬಂದವರು ಕೊಡುವ ಉತ್ತರ ಎಂಬಿಎ ಮಾಡಿದವರಿಗೂ ಹೊಳೆಯೋದಿಲ್ಲ. ಯಜಮಾನನ ಹತ್ತಿರ ಹೋಗಬೇಕಾ, ಸ್ವಸಹಾಯ ಸಂಘದ ಹೆಂಗಸರ ಹತ್ತಿರವಾ, ಯಾವ ಹೊತ್ತಿಗೆ ಹೋದರೆ ಜನ ಮನೆಯಲ್ಲಿರುತ್ತಾರೆ, ಎಲ್ಲ ಅವರಿಗೆ ಗೊತ್ತು.

ಸಂಬಳ ಇಲ್ಲದ ಇಂಟರ್ನ್‌ಶಿಪ್ ಕೊಟ್ಟರೆ ಅನುಭವ ಆದರೂ ಸಿಗುತ್ತಲ್ವಾ?

ಬೇಡ. ತೋಟದ ಕೂಲಿ ಬಿಟ್ಟು ಬರೋ ಹುಡುಗನಿಗೆ ಸಂಬಳ ಇಲ್ಲದ ಮೂರು ತಿಂಗಳು ಅಂದರೆ ಮನೆಯಲ್ಲಿ ಸಾಲ. ಅಪ್ಪ ದುಡ್ಡು ಕಳಿಸುವವರು ಮಾತ್ರ ಅಂಥ ಅನುಭವ ಪಡೆಯಬಹುದು. ಆಮೇಲೆ ಅದೇ ಅನುಭವವನ್ನು ನಾವು ಅರ್ಹತೆ ಅಂತ ಕರೆಯುತ್ತೇವೆ. ಅಷ್ಟು ತಿಂಗಳು ಸ್ಟೈಪೆಂಡ್ ಕೊಡೋಕೆ ಆಗಲ್ಲ ಅಂದರೆ ಅವಧಿ ಕಮ್ಮಿ ಮಾಡಿ, ದುಡ್ಡು ಕೊಟ್ಟೇ ಮಾಡಿಸಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕರೆಯಬೇಡಿ, ಆಗ ಇಡೀ ಮನೆಯೇ ಕೆಲಸದಲ್ಲಿರುತ್ತದೆ.

ಒಬ್ಬರನ್ನು ತೆಗೆದುಕೊಂಡೆವು, ಸ್ವಲ್ಪ ದಿನಕ್ಕೇ ಬಿಟ್ಟು ಹೋದರು. ಈ ಜನ ನಿಲ್ಲಲ್ಲ ಅಲ್ವಾ?

'ಈ ಜನ' ಅನ್ನೋ ಮಾತು ಅವರ ಕಿವಿಗೂ ಬಿದ್ದಿರುತ್ತದೆ.

ಬಿಟ್ಟು ಹೋದವರ ಜೊತೆ ಕೂತು ಮಾತಾಡಿದಾಗ ನನಗೆ ಕೇಳಿಸಿದ್ದನ್ನು ಹೇಳುತ್ತೇನೆ. ಒಂದು, ಇಡೀ ಆಫೀಸಿನಲ್ಲಿ ಒಬ್ಬರೇ ಆಗಿರೋದು. ಊಟದ ಹೊತ್ತಿನಲ್ಲಿ ಎಲ್ಲರೂ ಒಂದು ಭಾಷೆಯಲ್ಲಿ ನಗುತ್ತಾರೆ, ಇವರು ಅನ್ನ ಕಲಸುತ್ತಾ ಕೂತಿರುತ್ತಾರೆ. ಎರಡು, ಬುಡಕಟ್ಟು ಅನ್ನೋ ಪದ ಬಂದ ಕೂಡಲೇ ಫೈಲು ಇವರ ಮೇಜಿಗೆ. ಹೊಸ ಕೆಫೆಯ ಉದ್ಘಾಟನೆ, ಕಾರ್ ರ್‍ಯಾಲಿ, ಬ್ಯಾಂಕಿನ ಪತ್ರಿಕಾಗೋಷ್ಠಿ ಯಾವುದೂ ಕೊಡಲ್ಲ. ಜೇನುಕುರುಬರ ಹುಡುಗನಿಗೆ ಬ್ಯಾಂಕಿನ ಬಗ್ಗೆ ಬರೆಯೋಕೆ ಬರಲ್ಲ ಅಂತ ಯಾರು ಹೇಳಿದ್ದು? ಮೂರು, ಫೋಟೋಗೆ ಮುಂದೆ, ಮೀಟಿಂಗಿಗೆ ಹಿಂದೆ. ಕಂಪನಿಯ ವೆಬ್‌ಸೈಟಿನಲ್ಲಿ ಅವರ ಮುಖ ದೊಡ್ಡದಾಗಿರುತ್ತದೆ. ಕ್ಲೈಂಟ್ ಬಂದಾಗ ಕಾಫಿ ತರೋಕೆ ಹೇಳುತ್ತಾರೆ. ನಾಲ್ಕು, ಅವರು ಬರೆದದ್ದನ್ನು ಕೊನೆಗೆ ಇನ್ಯಾರೋ ತಿದ್ದಿ, ಅವರು ಬೇಡ ಅಂದ ಪದವನ್ನೇ ಮತ್ತೆ ಹಾಕೋದು.

ಇದಕ್ಕೆ ಮದ್ದು ಕಷ್ಟದ್ದಲ್ಲ. ಆದರೆ ಮಾಡಬೇಕು. ಸಾಧ್ಯವಾದರೆ ಒಂದೇ ಸಲ ಇಬ್ಬರನ್ನು ತೆಗೆದುಕೊಳ್ಳಿ. ಎಲ್ಲ ಥರದ ಕೆಲಸ ಕೊಡಿ. ಅವರ ಸಮುದಾಯದ ಬಗ್ಗೆ ಏನೇ ಹೊರಗೆ ಹೋಗೋದಿದ್ದರೂ ಅವರು 'ಬೇಡ' ಅಂದರೆ ನಿಲ್ಲಬೇಕು, ಕ್ಲೈಂಟ್ ಮುನಿಸಿಕೊಂಡರೂ ನಿಲ್ಲಬೇಕು. ಕೊಡವರ ಪುತ್ತರಿಗೆ, ಕೈಲ್ ಪೊಳ್ದ್‌ಗೆ ರಜೆ ಕೊಡೋ ಆಫೀಸು ಕುಂಡೆ ಹಬ್ಬಕ್ಕೂ ಕೊಡಲಿ, ಪೊಂಗಲ್‌ಗೂ ಈದ್‌ಗೂ ಕೊಡಲಿ. ವರ್ಷ ಕಳೆದ ಮೇಲೆ ಸಂಬಳ ಏರಿತಾ, ಹುದ್ದೆ ಏರಿತಾ ಅಂತ ನೋಡಿ. ಕೆಳಗಿನ ಮೆಟ್ಟಿಲಲ್ಲೇ ಎಲ್ಲರನ್ನೂ ನಿಲ್ಲಿಸಿ ನಮ್ಮಲ್ಲಿ ಎಲ್ಲ ಜನಾಂಗದವರೂ ಇದ್ದಾರೆ ಅನ್ನೋದು ಸರಿಯಲ್ಲ.

ಸಿಬ್ಬಂದಿಯ ಜಾತಿ, ಜನಾಂಗ ಕೇಳೋದು ತಪ್ಪಲ್ವಾ? ಮತ್ತೆ ಲೆಕ್ಕ ಹೇಗೆ?

ಅರ್ಜಿಯಲ್ಲಿ ಆ ಕಾಲಂ ಬೇಡವೇ ಬೇಡ. ಕೆಲಸಕ್ಕೆ ಸೇರಿದ ಮೇಲೆ, ಹೆಸರು ಬರೆಯದ ಚೀಟಿಯಲ್ಲಿ, ಇಷ್ಟ ಇದ್ದವರು ಮಾತ್ರ ತುಂಬಲಿ. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅನ್ನೋ ಒಂದು ಪ್ರಶ್ನೆಯೇ ಬಹಳಷ್ಟು ಹೇಳುತ್ತದೆ. ಐದು ಜನರ ಆಫೀಸಾದರೆ ಚೀಟಿಯೂ ಬೇಡ, ಕಣ್ಣು ಬಿಟ್ಟು ನೋಡಿದರೆ ಸಾಕು.

ಕೊಡವರೇ ಕಮ್ಮಿ ಜನ. ನಮ್ಮದೇ ಭಾಷೆ ಉಳಿಸಿಕೊಳ್ಳೋದು ಕಷ್ಟವಾಗಿದೆ. ನಮ್ಮನ್ನು ದೊಡ್ಡವರು ಅನ್ನೋದು ನ್ಯಾಯವಾ?

ಈ ನೋವು ನಿಜ, ನಾನು ಹಗುರವಾಗಿ ತೆಗೆದುಕೊಳ್ಳೋದಿಲ್ಲ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಾಯ್ನುಡಿ ಅಂತ ಬರೆಸಿದವರು ಸುಮಾರು 1.1 ಲಕ್ಷ ಮಾತ್ರ. ಬೆಂಗಳೂರಿನ ಏಜೆನ್ಸಿಯಲ್ಲಿ ಕೂತ ಕೊಡವ ಹುಡುಗಿಗೂ 'ನೀವು ಕನ್ನಡದವರೇನಾ?' ಅಂತ ಕೇಳುವವರಿದ್ದಾರೆ. ಅಲ್ಲಿ ಅವಳೂ ಒಂಟಿ.

ಆದರೂ ತಮ್ಮ ಕಥೆ ತಾವೇ ಹೇಳಿದರೆ ಏನಾಗುತ್ತದೆ ಅನ್ನೋದಕ್ಕೆ ನನಗೆ ಕಾಣೋ ಒಳ್ಳೆಯ ಉದಾಹರಣೆ ಕೊಡವರೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕುಟುಂಬಗಳ ನಡುವೆ ಹಾಕಿ ಪಂದ್ಯ ಶುರು ಮಾಡಿದರು. ಪ್ರತಿ ಸಲ ಒಂದೊಂದು ಕುಟುಂಬ ಹೊಣೆ ಹೊತ್ತು, ತಾವೇ ಹೆಸರಿಟ್ಟು, ತಾವೇ ಪತ್ರಿಕೆಯವರನ್ನು ಕರೆದು ಬೆಳೆಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ತಂಡಗಳು ಬಂದವು, ಗಿನ್ನೆಸ್ ದಾಖಲೆಯೂ ಆಯಿತು. ಯಾವ ಹೊರಗಿನ ಏಜೆನ್ಸಿ ಬಂದು ಹೇಳಿಕೊಟ್ಟಿದ್ದಲ್ಲ ಇದು. ಈ ಅವಕಾಶ ಯರವರಿಗೂ, ಕುಡಿಯರಿಗೂ, ಲೈನ್ ಮನೆಯ ತಮಿಳರಿಗೂ ಸಿಗಲಿ ಅಂತ ನಾನು ಕೇಳುವಾಗ ಕೊಡವರಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ. ಅವರಿಗೆ ಈ ದಾರಿ ಗೊತ್ತು, ಜೊತೆಗೆ ನಿಂತರೆ ಎಷ್ಟು ಚೆನ್ನ.

ಬ್ರ್ಯಾಂಡ್, ಹೆಸರು ಬಿಡಿ. ಸಾಮಾನ್ಯ ಜನರಿಗೆ ಇದರಿಂದ ಏನು ಉಪಯೋಗ?

ಮಳೆಗಾಲದಲ್ಲಿ ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆಗ ವಾಟ್ಸಾಪಿನಲ್ಲಿ ನಿಜವೂ ಓಡುತ್ತಿತ್ತು, ಸುಳ್ಳೂ ಓಡುತ್ತಿತ್ತು. ಅವತ್ತಿನಿಂದ ಪ್ರತಿ ಮಳೆಗಾಲ ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಅಂತ ಸಂದೇಶ ಬರುತ್ತವೆ. ರೆಡ್ ಅಲರ್ಟ್ ಅಂದರೆ ಒಂದೇ ದಿನದಲ್ಲಿ 20 ಸೆಂಟಿಮೀಟರಿಗಿಂತ ಜಾಸ್ತಿ ಮಳೆ ಆಗಬಹುದು ಅಂತ. ಅದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರುತ್ತದೆ. ಗುಡ್ಡದ ಕೆಳಗಿನ ಲೈನ್ ಮನೆಯಲ್ಲಿ ಅಸ್ಸಾಂನಿಂದ ಬಂದ ಸಂಸಾರ ಇದ್ದರೆ? ಕನ್ನಡ ಮಾತಾಡೋಕೆ ಬಂದರೂ ಓದೋಕೆ ಬರದ ಅಜ್ಜಿ ಇದ್ದರೆ?

ಆನೆಯದೂ ಇದೇ ಕಥೆ. ಅರಣ್ಯ ಇಲಾಖೆ ಆನೆ ಯಾವ ತೋಟದಲ್ಲಿದೆ ಅಂತ ವಾಟ್ಸಾಪ್, ಎಸ್‌ಎಂಎಸ್ ಕಳಿಸುತ್ತದೆ. ಸಂದೇಶ ಮೊದಲು ಹೋಗೋದು ಬೆಳೆಗಾರರ ಫೋನಿಗೆ. ಬೆಳಿಗ್ಗೆ ಮಂಜಿನಲ್ಲಿ ಆನೆಗೆ ಎದುರಾಗೋದು ಕೆಲಸಕ್ಕೆ ನಡೆದು ಹೋಗುವವರು. ಈ ಸಂದೇಶಗಳನ್ನು ಬರೆಯುವ ಜಾಗದಲ್ಲಿ ಯರವ ಭಾಷೆ ಮಾತಾಡುವವರು ಒಬ್ಬರಿದ್ದರೆ ಇಪ್ಪತ್ತು ಸೆಕೆಂಡಿನ ಧ್ವನಿ ಸಂದೇಶ ಮಾಡಿ ಹಾಡಿಯ ಗ್ರೂಪಿಗೆ ಹಾಕುತ್ತಾರೆ. ಓದೋದೇ ಬೇಕಿಲ್ಲ, ಕೇಳಿದರೆ ಸಾಕು. ಪರಿಚಿತ ದನಿಯಾದರೆ ಜನ ನಂಬುತ್ತಾರೆ. ಇದೂ ಪಿಆರ್ ಕೆಲಸವೇ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪಿಆರ್ ಕೆಲಸ.

ನಮ್ಮದು ಸಣ್ಣ ಹೋಂಸ್ಟೇ. ಪಿಆರ್‌ಗೆ ಅಂತ ಯಾರೂ ಇಲ್ಲ. ನಾವೇನು ಮಾಡಬಹುದು?

ಅತಿಥಿಗಳಿಗೆ ತೋಟ ತೋರಿಸುವ ಕೆಲಸವನ್ನು ತೋಟದಲ್ಲಿ ಬೆಳೆದವರಿಗೇ ಕೊಡಿ, ಅದಕ್ಕೆ ಬೇರೆ ದುಡ್ಡು ಕೊಡಿ. ಇನ್‌ಸ್ಟಾ ಪೇಜಿಗೆ ಫೋಟೋ ಹಾಕುವ ಮೊದಲು ಫೋಟೋದಲ್ಲಿ ಇರುವವರಿಗೆ ತೋರಿಸಿ, ಸರಿ ಅಂದರೆ ಹೆಸರು ಹಾಕಿ, ಬೇಡ ಅಂದರೆ ಬಿಡಿ. ಹಾಡಿಗೆ ಅತಿಥಿಗಳನ್ನು ಕರೆದುಕೊಂಡು ಹೋಗಿ ನೋಡಿಸೋ ಪದ್ಧತಿ ಇದ್ದರೆ ದಯವಿಟ್ಟು ನಿಲ್ಲಿಸಿ. ಅದು ಜನರ ಮನೆ.

ನಮ್ಮ ಮಗಳಿಗೆ ಸರ್ಕಾರಿ ಕೆಲಸ ಸಿಕ್ಕರೆ ಸಾಕು. ಇದನ್ನೆಲ್ಲ ನಂಬಬಹುದಾ?

ಹಾಡಿಯ ಅಪ್ಪ ಅಮ್ಮಂದಿರು ಕೇಳೋ ಪ್ರಶ್ನೆ. ಭಯ ಸಹಜ. ಆದರೆ ಸರ್ಕಾರದಲ್ಲೇ ಈ ಕೆಲಸ ಇದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿ ಮಡಿಕೇರಿಯಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಸ್ಟೈಪೆಂಡ್ ಸಹಿತ ತರಬೇತಿಗೆ ಇಲಾಖೆ ಆಗಾಗ ಅರ್ಜಿ ಕರೆಯುತ್ತದೆ. ಪತ್ರಿಕಾ ಪ್ರಕಟಣೆ ನೋಡುತ್ತಿರಿ, ಇಲ್ಲವಾದರೆ ಆಫೀಸಿಗೆ ಹೋಗಿ ನೇರವಾಗಿ ಕೇಳಿ.

ನಾನು ಹಾಡಿಯ ಹುಡುಗಿ. ಡಿಗ್ರಿ ಮುಗಿಯಿತು. ಎಲ್ಲಿಂದ ಶುರು ಮಾಡಲಿ?

ಮುಂದೆ ಓದೋದಾದರೆ ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮ ಎಂ.ಎ. ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಈ ಪಾಠ 1951ರಲ್ಲೇ ಶುರುವಾಗಿದ್ದು. ಮನೆ ಬಿಟ್ಟು ಹೋಗೋಕೆ ಆಗಲ್ಲ ಅಂದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ನಾಡಕಚೇರಿಗೆ ಓಡಾಡಿ ಅವಕಾಶ ಕಳೆದುಕೊಂಡವರು ಬೇಕಾದಷ್ಟಿದ್ದಾರೆ.

ಓದಿನ ಜೊತೆಗೇ ಕೆಲಸ ತೋರಿಸೋಕೆ ನಾಲ್ಕು ಬರಹ ಸೇರಿಸಿ. ನಿಮ್ಮ ಹಾಡಿಯಲ್ಲಿ ನಡೆದ ಗ್ರಾಮಸಭೆಯ ಬಗ್ಗೆ ಒಂದು ಪುಟದ ಪ್ರೆಸ್ ನೋಟ್: ಏನಾಯಿತು, ಯಾವತ್ತು, ಎಲ್ಲಿ, ಯಾರು ಏನಂದರು. ಮೊದಲ ಸಾಲಿನಲ್ಲೇ ಮುಖ್ಯ ವಿಷಯ ಬರಲಿ. ಫೋನಿನಲ್ಲಿ ಮಾಡಿದ ಒಂದು ನಿಮಿಷದ ವಿಡಿಯೋ. ನೀವೇ ತೆಗೆದ ಮೂರು ಫೋಟೋ, ಹೆಸರು ಸಹಿತ ಕ್ಯಾಪ್ಷನ್. ನಿಮ್ಮ ಭಾಷೆಯಲ್ಲಿ ಒಂದು ಧ್ವನಿ ಸಂದೇಶ, ಪಕ್ಕದಲ್ಲಿ ಅದರ ಕನ್ನಡ. ಮಡಿಕೇರಿ ಆಕಾಶವಾಣಿಗೆ ಕಾರ್ಯಕ್ರಮ ಕೊಡೋಕೆ ಕೇಳಿ ನೋಡಿ, ಸ್ಥಳೀಯ ಪತ್ರಿಕೆಗೆ ಬರಹ ಕಳಿಸಿ.

ಅರ್ಜಿಯಲ್ಲಿ ನಿಮಗೆ ಬರೋ ಭಾಷೆಗಳನ್ನೆಲ್ಲ ಮೊದಲ ಸಾಲಿನಲ್ಲೇ ಬರೆಯಿರಿ. ಯರವ ಭಾಷೆ, ಕುರುಬರ ಭಾಷೆ ಅಂತ ಬರೆಯೋಕೆ ಹಿಂಜರಿಯಬೇಡಿ. ಸಂಬಳ ಎಷ್ಟು ಅಂತ ಧೈರ್ಯವಾಗಿ ಕೇಳಿ. ಇಂಟರ್‌ವ್ಯೂಗೆ ಕರೆದರೆ ಬಸ್ ಚಾರ್ಜ್ ಕೊಡುತ್ತೀರಾ ಅಂತಲೂ ಕೇಳಬಹುದು, ಒಳ್ಳೆಯ ಆಫೀಸಿನವರು ಅದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ.